ಹೊರದೇಶದ ಮಸಿ ಹತ್ತಿದ ಬೆರಳಿನ ಬಗ್ಗೆ

ನಮ್ಮೂರ ಮತಗಟ್ಟೆಯ ಮಾನ್ಯ ಅಧ್ಯಕ್ಷಾಧಿಕಾರಿಗಳೇ,

ಕಳೆದ ಪಂಚಾಯ್ತಿ ಚುನಾವಣೆಯಲ್ಲಿ ತಾವು ನನ್ನನ್ನು ಓಟು ಹಾಕಲು ಬಿಡದೆ ವಾಪಸ್ ಕಳಿಸಿದಿರಿ. ಕಾರಣ, ನನ್ನ ಎಡಗೈ ತೋರುಬೆರಳಿನಲ್ಲಿ ಮಸಿ ಇತ್ತು. ಇದ್ದದ್ದು ನಿಜ. ಆದರೆ ಅದು ಪಶ್ಚಿಮ ಆಫ್ರಿಕಾದ ಮಸಿ ಎಂದು ನಾನು ಕೈಮುಗಿದು ಹೇಳಿದಾಗ ತಾವು ಕನ್ನಡಕ ಸರಿಮಾಡಿಕೊಂಡು, "ಆಫ್ರಿಕಾ ಯಾವ ವಾರ್ಡಿಗೆ ಬರುತ್ತೆ?" ಎಂದು ಕೇಳಿದಿರಿ. ಭೂಗೋಳದಲ್ಲಿ ತಮಗಿರುವ ಈ ಆಸಕ್ತಿಯನ್ನು ಗೌರವಿಸಿ, ಅಂದು ತಾವು ಕೇಳಿಸಿಕೊಳ್ಳದ ಸಂಗತಿಯನ್ನು ಎಲ್ಲರೆದುರು ವಿವರಿಸುತ್ತಿದ್ದೇನೆ.

ನಾನು ಬಾಳೂರಿನಾಚೆ ಚೂರು ಕಾಫಿ ತೋಟ ಇಟ್ಟುಕೊಂಡು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಗಳನ್ನು ರಿಪೇರಿ ಮಾಡುವವನು. ಅಂಥದ್ದೇ ಯಂತ್ರ ಕೂರಿಸಲು ಆ ಕಡೆಯ ಒಂದು ಪುಟ್ಟ ದೇಶದ ಎಸ್ಟೇಟಿಗೆ ಹೋಗಿದ್ದೆ. ಅಲ್ಲಿ ವರ್ಷಗಟ್ಟಲೆ ನಡೆದ ಅಂತರ್ಯುದ್ಧ ನಿಂತು, ಮೊದಲ ರಾಷ್ಟ್ರೀಯ ಚುನಾವಣೆ ಬಂದಿತ್ತು. ಓಟಿನ ದಿನ ಎಸ್ಟೇಟಿನ ಜನರನ್ನು ಜೀಪಿನಲ್ಲಿ ಮತಗಟ್ಟೆಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಹೋಗಿ ನೋಡಿದರೆ, ಬೆಳಕು ಹರಿಯುವ ಮೊದಲೇ ಜನ ಸಾಲಿನಲ್ಲಿ ಕಲ್ಲಿಟ್ಟು ಜಾಗ ಹಿಡಿದಿದ್ದರು, ನಮ್ಮಲ್ಲಿ ರೇಷನ್ ಅಂಗಡಿ ಮುಂದೆ ಚೀಲ ಇಡುವ ಹಾಗೆ. ಒಬ್ಬರ ಕಲ್ಲನ್ನು ಇನ್ನೊಬ್ಬರು ಒದ್ದರೆಂದು ಜಗಳವೂ ಆಯಿತು. ಅಷ್ಟು ದೊಡ್ಡ ಯುದ್ಧ ಕಂಡವರು ಬರೀ ಬಾಯಲ್ಲಿ ಜಗಳವಾಡುವುದನ್ನು ನೋಡಿ ಅಲ್ಲಿನ ಪೊಲೀಸರಿಗೆ ಖುಷಿಯೋ ಖುಷಿ.

ಎಸ್ಟೇಟಿನಲ್ಲಿ ನನಗೆ ಅಡುಗೆ ಮಾಡಿ ಹಾಕುತ್ತಿದ್ದ ಫಾತು ಎಂಬ ಅಜ್ಜಿ ಮೇಜಿನವರೆಗೆ ಗತ್ತಿನಿಂದ ಬಂದವಳು, ಮಸಿಯ ಬಾಟಲಿ ಕಂಡಿದ್ದೇ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಯುದ್ಧದ ಕಾಲದಲ್ಲಿ ಅವಳ ಗಂಡನನ್ನು, ತೋಳಿನ ಮೇಲಿದ್ದ ಹಚ್ಚೆ ನೋಡಿ, ಇವನು ಆ ಕಡೆಯವನೆಂದು ಎಳೆದೊಯ್ದಿದ್ದರು. ಅವನು ಮರಳಲಿಲ್ಲ.

"ಮೈಮೇಲೆ ಗುರುತು ಬೇಡಪ್ಪ. ನಾಳೆ ಬಂದೂಕಿನವರು ಬಂದು ಬೆರಳು ತೋರಿಸು ಅಂದ್ರೆ?" ಎಂದು ಜೊತೆಗೆ ಬಂದಿದ್ದ ನನ್ನನ್ನು ಕೇಳಿದಳು.

ನಾನು ಮುಂದೆ ಬಾಗಿ, ಬಾಟಲಿಗೆ ನನ್ನ ಬೆರಳನ್ನೇ ಅದ್ದಿಬಿಟ್ಟೆ. "ಈಗ ನಂಗೂ ಗುರುತಾಯ್ತು ಅಜ್ಜಿ. ಅವರು ಬಂದ್ರೆ ಇಬ್ಬರೂ ಒಟ್ಟಿಗೇ ಓಡುವ" ಎಂದೆ.

ಅಲ್ಲಿನ ಅಧಿಕಾರಿ ಮೇಜು ಗುದ್ದಿ ಎದ್ದು ನಿಂತ. ಅಜ್ಜಿ ನನ್ನ ಮುಖ ನೋಡಿದಳು, ಆಮೇಲೆ ಹೊಟ್ಟೆ ನೋಡಿದಳು. "ನೀನು? ಓಡ್ತೀಯಾ?" ಎಂದು ಬಿದ್ದು ಬಿದ್ದು ನಕ್ಕಳು. ಇಡೀ ಸಾಲು ನಕ್ಕಿತು. ಅಧಿಕಾರಿಯೂ ನಗು ತಡೆಯಲಾರದೆ ಕೂತ. ಅಜ್ಜಿ ಬೆರಳು ಅದ್ದಿ, ಓಟು ಹಾಕಿ ಬಂದಳು. ನನಗೆ ಯಾರೂ ಮತಪತ್ರ ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಮಾನ್ಯರೇ, ಆ ಮಸಿ ಹೊತ್ತು ಊರಿಗೆ ಬಂದರೆ, ಇಲ್ಲಿ ನನ್ನ ಹೆಂಡತಿ ಅರ್ಚನಾ ಪಂಚಾಯ್ತಿಗೆ ನಿಂತಿದ್ದಳು. ನಿಂಬೆಹಣ್ಣು, ಸೀಮೆಎಣ್ಣೆ, ಪಾತ್ರೆ ತಿಕ್ಕುವ ನಾರು, ಯಾವುದಕ್ಕೂ ಮಸಿ ಬಗ್ಗಲಿಲ್ಲ. ತಮಗೆ ಪಾಸ್‌ಪೋರ್ಟ್ ತೋರಿಸಿದೆ. "ಈ ಫೋಟೋದಲ್ಲಿ ಕೂದಲು ಜಾಸ್ತಿ ಇದೆ" ಎಂದಿರಿ. ಎದುರಾಳಿ ಅರುಣಾ ಅವರ ಏಜೆಂಟ್ ಗಿಡ್ಡಪ್ಪ, "ಅಲ್ಲೊಂದು ಪಂಕ್ತಿ, ಇಲ್ಲೊಂದು ಪಂಕ್ತಿ ಕೂರೋಕೆ ಇದೇನು ಮದುವೆ ಊಟವಾ ಮಾರಾಯ?" ಎಂದ. ತಾವು ನೆಟ್‌ವರ್ಕ್ ಹುಡುಕುತ್ತಾ ಶಾಲೆಯ ಹಿಂದಿನ ದಿಬ್ಬ ಹತ್ತಿ, ಮೇಲಿನವರಿಗೆ ಫೋನ್ ಮಾಡಿ, ಏದುಸಿರು ಬಿಡುತ್ತಾ ಇಳಿದು ಬಂದು, "ಮಸಿ ಇದೆಯೋ ಇಲ್ವೋ, ಅಷ್ಟೇ ಹೇಳಿ ಅಂತಾರೆ" ಎಂದಿರಿ. ಹಿಂದೆ ಎರಡು ಚುನಾವಣೆ ಹತ್ತಿರ ಹತ್ತಿರ ಬಂದಾಗ ನಡುಬೆರಳಿಗೆ ಮಸಿ ಹಾಕಿದ್ದು ತಮಗೆ ನೆನಪಾಗಲಿಲ್ಲವೇ? ಅದೇ ಕೈಯಲ್ಲಿ ಇನ್ನೂ ನಾಲ್ಕು ಬೆರಳು ಖಾಲಿ ಬಿದ್ದಿದ್ದವಲ್ಲ! ಅಲ್ಲಿ ಸುಟ್ಟ ಊರಿನ ನಡುವೆ ಮೇಜು ಹಾಕಿ ಕೂತ ಅಧಿಕಾರಿ ಎದುರಿಗಿದ್ದ ಮನುಷ್ಯರನ್ನು ನೋಡಿ ತೀರ್ಮಾನಿಸಿದ. ಫ್ಯಾನು, ಶಾಮಿಯಾನ, ಬಿಸಿ ಉಪ್ಪಿಟ್ಟು ಎಲ್ಲ ಇದ್ದ ತಮಗೆ ಅದೇಕೆ ಕಷ್ಟವಾಯಿತು?

ಎಣಿಕೆಯಲ್ಲಿ ಇಬ್ಬರಿಗೂ ಓಟು ಸಮಸಮ ಬಂತು. ಚೀಟಿ ಎತ್ತಿದರು. ಅರುಣಾ ಗೆದ್ದರು. ಮನೆಗೆ ಬಂದ ಅರ್ಚನಾ ಚಪ್ಪಲಿ ಬಿಡುತ್ತಾ ಹೇಳಿದ್ದು ಇಷ್ಟೇ: "ಆ ಅಜ್ಜಿಗೆ ಕೊಡೋಕೆ ನಿಮ್ಮತ್ರ ಬೆರಳಿತ್ತು. ಕಟ್ಕೊಂಡವಳಿಗೆ ಇರ್ಲಿಲ್ಲ, ಅಲ್ವಾ?"

ಸಾಲದ್ದಕ್ಕೆ, ಹೆಂಡತಿಗೆ ಓಟು ಹಾಕುವುದನ್ನು ತಪ್ಪಿಸಿಕೊಳ್ಳಲು ನಾನು ಬೇಕೆಂತಲೇ ಮಸಿ ಬಳಿದುಕೊಂಡೆನೆಂದು ಗಿಡ್ಡಪ್ಪ ಊರೆಲ್ಲ ಹಬ್ಬಿಸಿದ್ದಾನೆ. ಮೊನ್ನೆ ಆಲ್ದೂರು ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಗಂಡಸೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಆ ಮಸಿ ಎಲ್ಲಿ ಸಿಗುತ್ತೆ ಅಣ್ಣ?" ಎಂದು ಕೇಳಿದ.

ಗೆಲುವು ವಾಪಸ್ ಕೊಡಿ ಎಂದು ನಾನು ಕೇಳುವುದಿಲ್ಲ. ಬರುವ ಭಾನುವಾರ ತಾವು ನಮ್ಮ ಮನೆಗೆ ಬಂದು, ಅರ್ಚನಾಳ ಎದುರು ಕೂತು, "ನಿಮ್ಮ ಯಜಮಾನರು ಬಂದಿದ್ದರು, ಬೇಡಿಕೊಂಡರು, ವಾಪಸ್ ಕಳಿಸಿದ್ದು ನಾನೇ" ಎಂದು ಸ್ವಂತ ಬಾಯಿಂದ ಹೇಳಬೇಕು. ಕಡುಬು, ಕೋಳಿ ಸಾರು ನಾನೇ ಮಾಡುತ್ತೇನೆ. ಒಂದು ಎಚ್ಚರಿಕೆ: ಸೋತ ಮರುದಿನದಿಂದಲೇ ಅವಳು ನಮ್ಮ ಹಳ್ಳ ದಾಟಲು ಕಾಲುಸಂಕ ಬೇಕೆಂದು ಮನೆಮನೆ ತಿರುಗಿ ಸಹಿ ಹಾಕಿಸುತ್ತಿದ್ದಾಳೆ. ತಮ್ಮ ಸಹಿ ಬೀಳದೆ ತಟ್ಟೆ ಇಡುವವಳಲ್ಲ.

ಇಂತಿ,
ಸದ್ಯಕ್ಕೆ ಮನೆಯ ಜಗಲಿಯಲ್ಲಿ ಮಲಗುತ್ತಿರುವ ಕಾಯಂ ಮತದಾರ,
ಅನಿಲ್