ಇದೆ, ಇಲ್ಲ, ಕೇಳಿಲ್ಲ

ಮಾರ್ಚ್ ೯, ಭಾನುವಾರ

ನನ್ನ ಸಿಡುಕಿ ಅಕ್ಕನಿಗೆ,

ಕ್ಷೇಮ ಸಮಾಚಾರವನ್ನೆಲ್ಲ ಅಮ್ಮ ಇಬ್ಬರಿಗೂ ಫೋನಿನಲ್ಲೇ ಬಡಿಸುತ್ತಿರುವುದರಿಂದ ನೇರ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಿದರೆ ನೀನು ಅರ್ಧಕ್ಕೇ ಕಟ್ ಮಾಡುತ್ತೀಯ. ಕಾಗದವನ್ನೂ ಹರಿಯಬಹುದು, ಆದರೆ ಹರಿಯುವ ಮೊದಲು ಎರಡು ಸಾಲಾದರೂ ಕಣ್ಣಿಗೆ ಬೀಳುತ್ತವಲ್ಲ.

ನಿನ್ನ ಮಗಳನ್ನು, ನಮ್ಮ ಜೀರುಂಡೆಯನ್ನು, ನೋಡುವ ನರರೋಗದ ಡಾಕ್ಟರು ಹೋದ ವಾರ ನಿನ್ನನ್ನು ಕರೆಸಿದ್ದರಂತೆ. ನಿಮ್ಮ ಮಗಳಿಗಿರುವ ತೊಂದರೆಯೇ ಇರುವ ಇನ್ನೊಬ್ಬರು ಸಿಕ್ಕಿದ್ದಾರೆ, ಆ ಕಡೆಯವರು ಮಾತಾಡಲು ಒಪ್ಪಿದ್ದಾರೆ, ನೀವೂ ಒಪ್ಪಿದರೆ ಪರಿಚಯ ಮಾಡಿಸುತ್ತೇವೆ ಎಂದರಂತೆ. ನೀನು ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆಯಂತೆ. ಆಮೇಲೆ ಅಮ್ಮನ ಹತ್ತಿರ, "ಇಷ್ಟು ವರ್ಷ ಎಲ್ಲಿದ್ರಂತೆ ಈ ಇನ್ನೊಬ್ಬರು? ನಿನ್ನ ಚಿಕ್ಕ ಮಗಳು ಆ ಕೆಲಸಕ್ಕೆ ಸೇರಿದ ಮೇಲೇ ಆಕಾಶದಿಂದ ಉದುರಿದ್ರಾ? ನನ್ನ ಸಮಾಧಾನಕ್ಕೆ ಏನೋ ತಿರುಚಿರ್ತಾಳೆ" ಎಂದೆಯಂತೆ.

ಸಿಟ್ಟು ಬಂತು. ಎರಡು ದಿನ ಬಿಟ್ಟು ಯೋಚಿಸಿದೆ. ಮಗಳನ್ನು ಎತ್ತಿಕೊಂಡು ಅಷ್ಟೊಂದು ಆಸ್ಪತ್ರೆ ಸುತ್ತಿ, ಹೋದಲ್ಲೆಲ್ಲ "ನೋಡೋಣ" ಎಂಬ ಒಂದೇ ಮಾತು ಕೇಳಿ ಬಂದವಳು ಅನುಮಾನಪಡದೆ ಇನ್ನೇನು ಮಾಡಬೇಕು? ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡುತ್ತೇನೆ.

ಮೊದಲು ನನ್ನ ಕೆಲಸ: ಪಿಎಚ್.ಡಿ. ಮುಗಿದ ಮೇಲಿನ ಸಂಶೋಧನೆ. ಅಮ್ಮ ಪಕ್ಕದ ಮನೆಯವರಿಗೆ ಪೋಸ್ಟ್‌ಡಾಕ್ ಎನ್ನಲು ಹೋಗಿ ಡಾಕ್ಟರ್ ಎಂದು ಮುಗಿಸಿದ್ದಾಳೆ. ಅವರು ನನ್ನನ್ನು ಗೇಟಿನಲ್ಲೇ ನಿಲ್ಲಿಸಿ ಮಂಡಿನೋವಿಗೆ ಮಾತ್ರೆ ಕೇಳಿದರು. ನಾನು ಯಾರ ನಾಡಿಯನ್ನೂ ಹಿಡಿಯುವವಳಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ವಿಭಾಗದ ಮೇಲಿನ ಕೋಣೆಯಲ್ಲಿ ನಾವು ಮೂವರು ಕೂರುತ್ತೇವೆ: ತಂಡದ ಮುಖ್ಯಸ್ಥೆ ಮೇಡಂ, ಅಂಕಿಅಂಶ ನೋಡುವ ಒಬ್ಬ ಲೆಕ್ಕಾಚಾರಿ, ನಾನು. ಕೆಳಗಿನ ಯಂತ್ರಗಳಿಂದ ನೆಲ ಸದಾ ಸಣ್ಣಗೆ ಅದುರುತ್ತಿರುತ್ತದೆ. ಹಲವು ಆಸ್ಪತ್ರೆಗಳಿಂದ ಅಪರೂಪದ ಕಾಯಿಲೆಯವರ ವಿವರಗಳು ಹೆಸರು ಕಳಚಿಕೊಂಡು ನಮ್ಮ ಕಂಪ್ಯೂಟರಿಗೆ ಬರುತ್ತವೆ. ಒಬ್ಬ ಡಾಕ್ಟರು "ತೂರಾಡುತ್ತಾಳೆ" ಎಂದು ಬರೆದರೆ ಇನ್ನೊಬ್ಬರು "ನಡಿಗೆಯಲ್ಲಿ ಹಿಡಿತವಿಲ್ಲ" ಎನ್ನುತ್ತಾರೆ. ಮತ್ತೊಬ್ಬರು "ಬೀಳುತ್ತಾಳೆ, ತಾಯಿಗೆ ಗಾಬರಿ ಜಾಸ್ತಿ" ಎಂದು ತಾಯಿಯನ್ನೂ ರೋಗಿ ಮಾಡುತ್ತಾರೆ. ಇವೆಲ್ಲ ಒಂದೇ ಎಂದು ಕಂಪ್ಯೂಟರಿಗೆ ತಿಳಿಯುವಂತೆ ಜೋಡಿಸುವುದು ನನ್ನ ಕೆಲಸ. ಯಾಕೆಂದರೆ ಒಬ್ಬಳಿಗೇ ಇದ್ದರೆ ಅದು ಬರೀ ಒಗಟು. ಇಬ್ಬರಿಗಿದ್ದರೆ ಕಾಯಿಲೆ. ಕಾಯಿಲೆಗೆ ಹೆಸರಿಡಬಹುದು, ಮೂರನೆಯವರನ್ನು ಹುಡುಕಬಹುದು, ಔಷಧಿ ಯಾಕಿಲ್ಲ ಎಂದು ಬೀದಿಯಲ್ಲಿ ನಿಂತು ಕೇಳಬಹುದು.

ಶುರುವಾಯ್ತು ಭಾಷಣ ಎನ್ನುತ್ತೀಯ. ಹೋದ ಸಲ ಬಂದಾಗಲೂ ನಿನ್ನ ಅಡುಗೆಮನೆಯಲ್ಲಿ ನಿಂತು, ನನ್ನ ಹೋರಾಟದ ಕಿರುಹೊತ್ತಿಗೆಗಳಲ್ಲಿ ಓದಿದ್ದನ್ನೆಲ್ಲ, ಎಣಿಕೆಗೆ ಬಾರದವರಿಗೆ ಹಕ್ಕೂ ಬರುವುದಿಲ್ಲ ಎಂದು ಶುರುಮಾಡಿ ಒಪ್ಪಿಸುತ್ತಿದ್ದಾಗ ನೀನು, "ಕ್ರಾಂತಿ ಆದ್ಮೇಲೆ ಹೇಳಿ ಕಳಿಸು. ಈಗ ಅವಳ ಕಾಲು ಹಿಡ್ಕೋ, ಷೂ ಹಾಕ್ಬೇಕು" ಎಂದಿದ್ದೆ. ಹಿಡಿದುಕೊಂಡೆ, ಅವಳು ಒದ್ದಳು. ಆದರೂ ನೀನು ಡಾಕ್ಟರ ಹತ್ತಿರ, ಅವಳ ವಿವರ ನಮಗೆ ಕಳಿಸುವ ಒಪ್ಪಿಗೆಗೆ ಸಹಿ ಹಾಕಿದೆ. "ಹೋಗು, ನಿನ್ನ ಡಬ್ಬಿಗೆ ಇವಳನ್ನೂ ಹಾಕ್ಕೋ. ಆದ್ರೆ ಇನ್ನೊಂದ್ಸಲ ಆಸೆ ಹುಟ್ಟಿಸ್ಬೇಡ" ಎಂದೆ.

ಈಗ ಆ ಇನ್ನೊಬ್ಬರು ಎಲ್ಲಿದ್ದರು ಎಂಬುದು. ನಮ್ಮ ಡಬ್ಬಿಯಲ್ಲೇ ಇದ್ದರು, ಅಕ್ಕ.

ಜೀರುಂಡೆಗೆ ಕಾಲಿನ ಜೊತೆ ಕಿವಿಯದೂ ತೊಂದರೆ. ಕರೆಗಂಟೆಗೆ ತಿರುಗದವಳು ಲಾರಿ ಹೋದರೆ ತಿರುಗುತ್ತಾಳೆ ಎಂದು ನೀನು ಹಟ ಹಿಡಿದು ಹೇಳಿದ್ದಕ್ಕೇ ಪರೀಕ್ಷೆ ಆಯಿತು, ದಾಖಲಾಯಿತು. ಆ ಇನ್ನೊಬ್ಬರಿಗೂ ಅದೇ ಥರದ ಕಾಲು, ಅದೇ ಜೀನಿನಲ್ಲಿ ಬದಲಾವಣೆ. ಕಿವಿಯ ಕಡೆ ಮಾತ್ರ ಖಾಲಿ ಜಾಗ. ಕಾಲಿನ ಡಾಕ್ಟರು ಕಿವಿಯ ಬಗ್ಗೆ ಯಾಕೆ ಕೇಳುತ್ತಾರೆ? ಮದುವೆ ಮಾತುಕತೆಯಲ್ಲಿ ಮೌನವೇ ಸಮ್ಮತಿ ಎನ್ನುತ್ತಾರಲ್ಲ, ನಮ್ಮ ಕಂಪ್ಯೂಟರು ಅದಕ್ಕಿಂತ ಒಂದು ಕೈ ಮೇಲು. ಮೌನವೆಂದರೆ ಆರೋಗ್ಯ ಎಂದು ತಿಳಿದುಕೊಂಡಿತ್ತು. ಖಾಲಿ ಇದ್ದ ಕಡೆಯೆಲ್ಲ "ತೊಂದರೆ ಇಲ್ಲ" ಎಂದು ಓದಿ, ಒಬ್ಬರಿಗೆ ಕಿವುಡು, ಇನ್ನೊಬ್ಬರಿಗೆ ಇಲ್ಲ, ಇವರಿಬ್ಬರೂ ಬೇರೆ ಎಂದು ದೂರದೂರ ಇಟ್ಟಿತ್ತು.

ಇದು ನನಗೆ ಹೊಳೆದದ್ದು ಜಾಣತನದಿಂದಲ್ಲ. ಎರಡು ತಿಂಗಳ ಕೂಸೊಂದರ ವಿವರದಲ್ಲಿ, ಓದಲು ಬರೆಯಲು ಏನೂ ತೊಂದರೆ ಇಲ್ಲ ಎಂದಿತ್ತು!

ಮಾರನೆಯ ದಿನವೇ ಸಭೆಯಲ್ಲಿ ಎದ್ದು ನಿಂತೆ. ಎರಡು ಉತ್ತರ ಸಾಲದು, ಮೂರು ಬೇಕು: ಇದೆ, ಇಲ್ಲ, ಕೇಳಿಲ್ಲ. ಲೆಕ್ಕಾಚಾರಿ ಹಣೆ ಚಚ್ಚಿಕೊಂಡ. "ಅರ್ಧ ಪಟ್ಟಿ 'ಕೇಳಿಲ್ಲ' ಆಗುತ್ತಮ್ಮಾ. ಪರಿಶೀಲನಾ ಸಮಿತಿ ಬರ್ತಿದೆ, ಮನೆ ಗುಡಿಸು ಅಂದ್ರೆ ಗೋಡೆ ಕೆಡವ್ತೀಯಲ್ಲ" ಎಂದ. ಕೇಳದವರ ಸೋಮಾರಿತನವನ್ನು ರೋಗಿಯ ಆರೋಗ್ಯವೆಂದು ಬರೆಯುವುದು ಹಸಿ ಸುಳ್ಳು ಎಂದು ನಾನು ಮೇಜು ಗುದ್ದಿದೆ. ಮೇಡಂ ಕನ್ನಡಕ ತೆಗೆದು, "ಘೋಷಣೆ ಚೆನ್ನಾಗಿದೆ, ಗೋಡೆಗೆ ಬರಿ. ನನಗೆ ಉದಾಹರಣೆ ತಗೊಂಡು ಬಾ" ಎಂದರು. ಕೂಸಿನ ವಿವರ ತಂದು ಇಟ್ಟೆ. ನಕ್ಕರು. ಆಮೇಲೆ ನಗು ನಿಂತಿತು. ಅವತ್ತು ಮಧ್ಯಾಹ್ನದಿಂದ ಅವರೇ ಆಸ್ಪತ್ರೆಗಳಿಗೆ ಫೋನ್ ಹಚ್ಚಿ ಕೂತರು: "ಈ ಜಾಗ ಖಾಲಿ ಬಿಟ್ಟಿದ್ದೀರಲ್ಲ, ನೋಡಿ ಇಲ್ಲ ಅಂದಿರೋ, ನೋಡೇ ಇಲ್ವೋ?" ಕೆಲವರು ಬೈದರು. ಕೆಲವರು ರೋಗಿಗಳನ್ನು ಕರೆಸಿ ಪರೀಕ್ಷೆ ಮಾಡಿದರು.

ಸಮಿತಿಯವರು ಬಂದರು, ಮುಖ ಸಿಂಡರಿಸಿಕೊಂಡು ಹೋದರು. ನನ್ನ ಕೆಲಸವನ್ನು ಎರಡನೆಯ ವರ್ಷಕ್ಕೆ ಮುಂದುವರಿಸುವ ಆದೇಶ ಇನ್ನೂ ಬಂದಿಲ್ಲ. ಅಮ್ಮನಿಗೆ ಹೇಳಬೇಡ.

ಹಾಗೆ ಪರೀಕ್ಷೆಯಾದವರಲ್ಲಿ ಆ ಇನ್ನೊಬ್ಬರೂ ಇದ್ದರು. ಕೀಚಲು ಸದ್ದು ಅವರಿಗೂ ಕೇಳುವುದಿಲ್ಲ. ಒಂದು ಬೆಳಗ್ಗೆ ಕಂಪ್ಯೂಟರು ಎರಡು ವಿವರಗಳನ್ನು ಅಕ್ಕಪಕ್ಕ ತಂದು ನಿಲ್ಲಿಸಿತು. ಹೆಸರಿರಲಿಲ್ಲ. ಆದರೆ ಒಂದರಲ್ಲಿ ಕರೆಗಂಟೆ, ಲಾರಿ ಎಂದು ಓದಿದ ಮೇಲೆ ಅದು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಿನ್ನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ನಿಲ್ಲಿಸಿದೆ. ನೇರ ಮೇಡಂ ಹತ್ತಿರ ಹೋಗಿ, ಇದು ನನ್ನ ಅಕ್ಕನ ಮಗಳು, ನಾನು ಮುಟ್ಟಬಾರದು ಎಂದೆ. ಅವರು ಎರಡನ್ನೂ ನನ್ನಿಂದ ತೆಗೆದು, ನಮ್ಮ ಗುರುತೇ ಇಲ್ಲದ ಬೇರೆ ಆಸ್ಪತ್ರೆಯವರಿಗೆ ನೋಡಲು ಕಳಿಸಿದರು. ಒಂದೇ ಕಾಯಿಲೆ ಎಂದು ಹೇಳಿದವರು ಅವರು. ತಿರುಚಲು ಅದು ನನ್ನ ಕೈಯಲ್ಲಿ ಇರಲೇ ಇಲ್ಲ.

ಔಷಧಿ ಸಿಕ್ಕಿಲ್ಲ, ಅಕ್ಕ. ನಾಳೆಯೇ ಸಿಗುತ್ತದೆ ಎಂದೂ ಬರೆಯುವುದಿಲ್ಲ. ಆದರೆ "ಮುಂದೇನು" ಎಂದು ನೀನು ಕೇಳಿದಾಗ ಡಾಕ್ಟರುಗಳು ಸೂರು ನೋಡುತ್ತಿದ್ದರಲ್ಲ, ಇನ್ನು ನೋಡಲು ಒಬ್ಬರು ಮನುಷ್ಯರಿದ್ದಾರೆ. ಆಸೆ ಹುಟ್ಟಿಸಬೇಡ ಎಂದಿದ್ದೆ. ನಾನು ಹುಟ್ಟಿಸಲಿಲ್ಲ, ಹುಟ್ಟಿಬಿಟ್ಟಿದೆ. ಸಾಕುವುದೋ ಬಿಡುವುದೋ ನಿನ್ನಿಷ್ಟ. ಬೇಡವೆಂದರೆ ವಾದ ಮಾಡುವುದಿಲ್ಲ, ಭಾವನ ಕೈಲಿ ಹೇಳಿಸುವುದೂ ಇಲ್ಲ. ಬೇಡ ಎನ್ನುವುದೂ ಒಂದು ಉತ್ತರವೇ. ಸುಮ್ಮನಿರಬೇಡ, ಅಷ್ಟೆ.

ನಿನ್ನ ಮೇಲೆ ಸಿಟ್ಟಿಲ್ಲದ (ಸ್ವಲ್ಪ ಇದೆ)
ತಂಗಿ

ಮತ್ತೆ ಇದೊಂದು: ಕಾಗದ ಮಡಿಸುವಾಗ ಮೇಡಂ ಫೋನ್ ಮಾಡಿದರು. ನೀನು ಒಪ್ಪಲಿ ಬಿಡಲಿ, ನಿನಗೆ ಇಷ್ಟು ತಿಳಿಸಬಹುದು ಎಂದು ಆ ಕಡೆಯವರೇ ಹೇಳಿ ಕಳಿಸಿದ್ದಾರಂತೆ. ಅಮ್ಮ "ಆ ಇನ್ನೊಂದು ಮಗು, ಪಾಪ" ಎಂದಾಗಲೆಲ್ಲ ನಾನು ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ, ಹೇಳುವ ಹಕ್ಕಿರಲಿಲ್ಲ. ಅದು ಮಗುವಲ್ಲ. ಮೂವತ್ತೆಂಟು ವರ್ಷದ ಹೆಂಗಸು. ಕೋಲು ಹಿಡಿದು ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾರಂತೆ. ತನ್ನ ಹಾಗೆ ಇನ್ನೊಬ್ಬರು ಇದ್ದಾರೆಂದು ಅವರಿಗೂ ಈಗಲೇ ಗೊತ್ತಾದದ್ದು. ನಿನಗೆ ಒಂದೇ ಒಂದು ಪ್ರಶ್ನೆ ಕಳಿಸಿದ್ದಾರೆ: "ನಿಮ್ಮ ಹುಡುಗೀನೂ ಮೆಟ್ಟಿಲು ಇಳಿಯೋವಾಗ ಹಿಂದೆ ತಿರುಗಿ, ಹಿಮ್ಮುಖವಾಗಿ ಇಳೀತಾಳಾ?"

ಉತ್ತರ ನನಗೆ ಗೊತ್ತು. ಹೇಳಲಿಲ್ಲ. ಕೇಳಿರುವುದು ನಿನ್ನನ್ನು.