ಸಾಹೇಬರು ಹೋದ ಮೇಲೆ ಬಿಟ್ಟ ನೀರು

ತುಂಗಭದ್ರಾ ಎಡದಂಡೆ ಕಾಲುವೆ,
ಮೂರನೆಯ ಬೇಸಿಗೆ, ೨೧೩೮

ನನ್ನ ಅಜ್ಜನ ಅಜ್ಜ ಅಮರೇಗೌಡರಿಗೆ ಹುಲಿಗೆಮ್ಮನ ನಮಸ್ಕಾರ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಉಳಿದದ್ದಕ್ಕೆಲ್ಲ ಕೇಳಬೇಕಾದವರು ನೀವು.

ನಮ್ಮಲ್ಲಿ ವರ್ಷಕ್ಕೆ ಮೂರು ಬೇಸಿಗೆ. ಬೆಳಿಗ್ಗೆ ಸೈರನ್ ಕೂಗಿತೆಂದರೆ ಬಿಸಿಲುಸೆರೆ. ಸಂಜೆಯವರೆಗೆ ಯಾರೂ ಹೊಸ್ತಿಲು ದಾಟುವಂತಿಲ್ಲ. ನೀವು ಜೋಳ ತುಂಬಿಡುತ್ತಿದ್ದ ಹಗೇವಿನಂತೆ ನೆಲ ತೋಡಿಕೊಂಡು, ಎಮ್ಮೆಗಳ ಜೊತೆಗೇ ಅದರೊಳಗೆ ಕೂರುತ್ತೇವೆ. ಹೂವಾಡುವ ಹೊತ್ತಿನ ಕಾವಿಗೆ ಭತ್ತವೆಲ್ಲ ಜೊಳ್ಳಾಗುವುದರಿಂದ ಇಲ್ಲಿ ಯಾರೂ ಭತ್ತ ಹಚ್ಚುವುದಿಲ್ಲ. ನಾಳೆ ನನ್ನ ಆರು ತಿಂಗಳ ಮೊಮ್ಮಗಳು ನೆರಳಮ್ಮನಿಗೆ ಮೊದಲ ಅನ್ನ ಉಣಿಸುವ ಶಾಸ್ತ್ರ. ಜೋಳದ ನುಚ್ಚು ಬೇಯಿಸಿ, ಅನ್ನವೆಂದು ಸುಳ್ಳು ಹೇಳಿ ಉಣಿಸುತ್ತೇವೆ. ಅದೂ ಭತ್ತದ ನಾಡಿನಲ್ಲಿ!

ನಿಮ್ಮ ಮೊಬೈಲಿನ ಒಂದು ವಿಡಿಯೊ ಮನೆಯಲ್ಲಿ ಉಳಿದಿದೆ. ಸದಾ ನೀರು ನಿಂತ ಕೆಸರಿನಿಂದ ಭೂಮಿಯನ್ನು ಕಾಯಿಸುವ ಮೀಥೇನ್ ಅನಿಲ ಏಳುತ್ತದೆ, ಆಗಾಗ ನೀರು ಬಸಿದು ನೆಲ ಆರಲು ಬಿಡಿ ಎಂದು ಕೃಷಿ ಸಾಹೇಬರು ಬದುವಿನ ಮೇಲೆ ನಿಂತು ಹೇಳುತ್ತಾರೆ. ನೀವು ತಲೆಯಾಡಿಸಿ ನೀರು ಬಸಿಯುತ್ತೀರಿ. ಅವರ ಜೀಪು ತಿರುವು ದಾಟಿದ್ದೇ ತಡ, "ಸಾಹೇಬ್ರು ಹೋದ್ರು, ನೀರ ಬಿಡ್ರಲೇ! ಗದ್ದಿ ಬಿರುಕು ಬಿಟ್ರ ಮಂದಿ ನಗ್ತಾರ" ಎಂದು ಹೊಟ್ಟೆ ಹಿಡಿದು ನಗುತ್ತೀರಿ. ಪಕ್ಕದವರ ಪೈರು ನಿಮ್ಮದಕ್ಕಿಂತ ಕಪ್ಪಗೆ ಕಂಡಿತೆಂದು ಇನ್ನೊಂದು ಚೀಲ ಯೂರಿಯಾ ಎರಚಿಸುತ್ತೀರಿ. ಆ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೀಥೇನ್ ಹತ್ತು-ಹನ್ನೆರಡು ವರ್ಷಕ್ಕೆ ಕರಗುವಂಥದ್ದು. ಊರೂರಿನವರೂ ತಡೆದಿದ್ದರೆ ಫಲ ನಿಮ್ಮ ಕಣ್ಣಿಗೇ ಕಾಣುತ್ತಿತ್ತು. ಯೂರಿಯಾದಿಂದೆದ್ದ ನೈಟ್ರಸ್ ಆಕ್ಸೈಡ್ ಹಾಗಲ್ಲ. ಶತಮಾನ ದಾಟಿದರೂ ನನ್ನ ತಲೆಯ ಮೇಲೆ ಕೂತಿದೆ. ನಿಮ್ಮ ಹೊಲ ಪಾಲಾಗಿ ಪಾಲಾಗಿ ಯಾರಿಗೂ ಇಲ್ಲವಾಯಿತು. ನನ್ನವರೆಗೆ ಬಂದ ಪಿತ್ರಾರ್ಜಿತ ಇದೊಂದೇ. ಊರೆಲ್ಲ ಮಾಡಿತು, ನಾನೊಬ್ಬನೇ ಅಲ್ಲ ಎನ್ನಬೇಡಿ. ಊರು ನಿಮ್ಮ ಗದ್ದೆ ನೋಡಿಯೇ ನೀರು ಕಟ್ಟುತ್ತಿತ್ತು ಎಂದು ಆ ವಿಡಿಯೊದಲ್ಲಿ ನೀವೇ ಜಂಬ ಕೊಚ್ಚಿದ್ದೀರಿ.

ಮುಂದಿನ ಹಂಗಾಮಿಗೆ ಸಾಹೇಬರು ಮತ್ತೆ ಬರುತ್ತಾರೆ. ಅವರು ಹೋದ ಮೇಲೆ ಗದ್ದೆಗೆ ನೀರು ಬಿಡುವ ಮಡೆ ಮುಟ್ಟಬೇಡಿ. ಗದ್ದೆ ಬಿರಿಯಲಿ, ಮಂದಿ ನಗಲಿ. ಒಂದು ಸಲ ನಗಿಸಿಕೊಳ್ಳಿ, ಗೌಡರೇ. ಇಲ್ಲಿ ನಮ್ಮನ್ನು ನೋಡಿ ನಗುವುದಕ್ಕೂ ಹೊರಗೆ ಯಾರೂ ಇಲ್ಲ.