ದಿಂಬು ಬೇಡದ ಸೀಟು

ಮಾರ್ಚ್ ೧೪, ಭಾನುವಾರ

ನನ್ನ ಪುಟ್ಟಿಗೆ,

ನಿನ್ನ ಕಾಗದ ಬಂದು ತುಂಬ ದಿನವಾಯಿತು. ಅಮ್ಮ ಉತ್ತರ ಬರೆಯಲಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. "ಕಾಲು ಪೆಡಲಿಗೆ ಎಟುಕುತ್ತಿಲ್ಲ, ನೀನು ಯಂತ್ರದಲ್ಲಿ ಬೆನ್ನ ಹಿಂದೆ ಇಟ್ಟುಕೊಳ್ಳುವ ದಿಂಬು ಕಳಿಸು, ಇಲ್ಲದಿದ್ದರೆ ತರಬೇತಿ ಬಿಟ್ಟು ಬರುತ್ತೇನೆ" ಎಂದು ನೀನು ಬರೆದಿದ್ದೆ. ಈಗ ಹೇಳುವುದಿದೆ.

ಮಣ್ಣು ಅಗೆಯುವ ಯಂತ್ರ ಮಾಡುವ ಕಾರ್ಖಾನೆಯವರು ಹೊಸ ಕ್ಯಾಬಿನ್ ಮಾಡಿ, ಕೂತು ನೋಡಿ ಹೇಳಿ ಎಂದು ನಮ್ಮಂಥ ಆಪರೇಟರುಗಳನ್ನು ಕರೆಸಿದ್ದರು. ದಪ್ಪಗಿನವರು, ಸಣಕಲರು, ಬೆರಳು ಕಳೆದುಕೊಂಡವರು, ಕುಳ್ಳಿ ನಾನು. ನಮ್ಮ ಕ್ವಾರಿಯ ಏಣಿಯೂ ಬಂದಿದ್ದ; ಅವನ ಎತ್ತರಕ್ಕೆ ಆ ಹೆಸರು. ಮೊದಲು ಅವನೇ ಕೂತ. ಇಳಿದವನು, "ಅಕ್ಕಾ, ಇಷ್ಟು ವರ್ಷ ಮಂಡಿ ಗದ್ದಕ್ಕೆ ತಾಗಿಸಿಕೊಂಡು ದುಡಿದೆ. ಇವತ್ತು ಮನುಷ್ಯನ ಹಾಗೆ ಕೂತೆ" ಅಂದ. ಇವನಿಗೆ ಸರಿಹೋದ ಮೇಲೆ ನನ್ನ ಕಾಲು ಗಾಳಿಯಲ್ಲೇ ಅಂದುಕೊಂಡು, ದಿಂಬು ಕಂಕುಳಲ್ಲಿಟ್ಟು ಹತ್ತಿದೆ.

ಇಂಜಿನಿಯರ್ ಹುಡುಗಿ ಒಂದು ಗುಂಡಿ ಒತ್ತಿದಳು. ಪುಟ್ಟಿ, ಅದೇ ಸೀಟು ಮೆಲ್ಲಗೆ ಮುಂದೆ ಬಂತು. ಪೆಡಲು ನನ್ನ ಕಾಲನ್ನು ಹುಡುಕಿಕೊಂಡು ಬಂತು. ಅಂಗಾಲು ಪೂರ್ತಿ ಊರಿತು. "ಆ ದಿಂಬು ತೆಗೀರಿ ಅಮ್ಮ" ಅಂದಳು. "ಅದಿಲ್ಲದೆ ನಾನು ಅರ್ಧ ಆಳು ಕಣಮ್ಮ" ಅಂದೆ. ನಕ್ಕು ಕಿತ್ತುಕೊಂಡಳು.

ಅಗೆದು ನೋಡಲು ಹೊರಟೆ. ಮಣ್ಣು ಬಾಚುವ ಬಕೆಟ್ಟು ಹಳ್ಳಕ್ಕಿಳಿದ ಕೂಡಲೇ ಯಂತ್ರದ ತೋಳು ನಿಂತುಹೋಯಿತು. ಮತ್ತೆ ಶುರು ಮಾಡಿದೆ, ಮತ್ತೆ ನಿಂತಿತು. "ನಿಮ್ಮ ಯಂತ್ರ ಕೆಟ್ಟಿದೆ" ಅಂದೆ.

"ಯಂತ್ರ ಅಲ್ಲಮ್ಮ, ನೀವು ಏಳ್ತಿದ್ದೀರಿ. ಸೀಟಿಂದ ಎದ್ದರೆ ಅದು ಅಲ್ಲಾಡಲ್ಲ."

ಹೌದಲ್ಲ. ಬಕೆಟ್ಟಿನ ಹಲ್ಲು ಕಾಣಲೆಂದು ಜೀವಮಾನವಿಡೀ ಅರ್ಧ ಎದ್ದೇ ಅಗೆದವಳು ನಾನು, ಏಳುತ್ತಿದ್ದೇನೆಂಬುದೇ ಮರೆತುಹೋಗಿತ್ತು. "ಕೂತೇ ಕೆಳಗೆ ನೋಡಿ" ಅಂದಳು. ಕಾಲಬಳಿ ಗಾಜು. ಅದರಾಚೆ ಹಲ್ಲುಗಳು ಮಣ್ಣು ಕಚ್ಚುತ್ತಿದ್ದವು, ಒಂದೊಂದೂ ಕಾಣುತ್ತಿತ್ತು. ನನ್ನ ಮುಖವನ್ನೇ ನೋಡಿರದ ಯಾರೋ ಎಲ್ಲೋ ಕೂತು ನನ್ನ ಅಳತೆಯನ್ನು ನೆನೆಸಿಕೊಂಡಿದ್ದರು.

ನಿಮ್ಮ ತರಬೇತಿಗೂ ಮುಂದಿನ ತಿಂಗಳು ಇದೇ ಯಂತ್ರ ಬರುತ್ತದಂತೆ. ಅಲ್ಲಿಯವರೆಗೆ ನೋಡಿ ಕಲಿ. ಹಳೆಯ ಯಂತ್ರದ ಪೆಡಲನ್ನು ತುದಿಗಾಲಲ್ಲಿ ತುಳಿಯಬೇಡ. ಮೇಷ್ಟ್ರು ಗೊಣಗಿದರೆ ಗೊಣಗಲಿ. ಬಿಟ್ಟು ಮಾತ್ರ ಬರಬೇಡ. ನಿನ್ನ ಕಾಲು ಊರಿರಲಿ, ಬೆನ್ನು ನೆಟ್ಟಗಿರಲಿ, ಮಗಳೇ.

ನಿನ್ನ
ಅಮ್ಮ

ಮೇಲೆ ಹೇಳದೆ ಬಿಟ್ಟದ್ದೊಂದಿದೆ, ಪುಟ್ಟಿ: ದಿಂಬು ಕಳಿಸುತ್ತಿಲ್ಲ. ಆವತ್ತು ಬೆನ್ನು ಹಿಡಿದುಕೊಂಡು ಸೀಟಿನಿಂದ ಏಳಲಾಗದೆ, ಏಣಿಯೇ ನನ್ನನ್ನು ಎತ್ತಿ ಕೆಳಗಿಳಿಸಬೇಕಾಯಿತು. ಬೆನ್ನಿನ ಎಕ್ಸ್‌ರೇ ನೋಡಿದ ಡಾಕ್ಟರು, ಇನ್ನು ಯಾವ ಯಂತ್ರವನ್ನೂ ಹತ್ತಕೂಡದು ಎಂದರು. ದಿಂಬು ಈಗ ಮನೆಯ ಕುರ್ಚಿಗೆ ಬೇಕು. ನನ್ನ ಅಳತೆಯ ಸೀಟಿನಲ್ಲಿ ಒಂದು ಬೆಳಗ್ಗೆ ಕೂತಿದ್ದೆ, ಅಷ್ಟೇ.